ಬೇರೆಯವರ ‘ನಾನು’

ಕಿವಿ ಮಂದವಾಗುತ್ತಿದೆ ಎಂದು ಮನೆಯವರು ಹೇಳತೊಡಗಿ ಎರಡು ವರ್ಷವಾದ ಮೇಲೆ, ಕಳೆದ ಮಳೆಗಾಲದಲ್ಲಿ ಪುತ್ತೂರಿನ ಕಿವಿ ಡಾಕ್ಟರರ ಬಳಿಗೆ ಹೋದೆ. ಅಲ್ಲಿದ್ದ ಹುಡುಗಿ ಇಯರ್‌ಫೋನಿನ ಎರಡೂ ಬಟ್ಟಲುಗಳನ್ನು ಸ್ಪಿರಿಟ್ ಹಾಕಿದ ಹತ್ತಿಯಿಂದ ಒರೆಸಿ ನನ್ನ ತಲೆಗೆ ಹಾಕಿದಳು. ಶಬ್ದ ಕೇಳಿಸಿದಾಗಲೆಲ್ಲ ಬೆರಳೆತ್ತಬೇಕು ಎಂದಳು. ನನಗೆ ಮೊದಲು ಬಂದದ್ದು ಶಬ್ದವಲ್ಲ, ವಾಸನೆ. ಸ್ಪಿರಿಟ್ಟು ಮತ್ತು ಬೆಚ್ಚಗಿನ ರಬ್ಬರು ಸೇರಿದ ಆ ವಾಸನೆಯಲ್ಲಿ ನಾನು ಮೂವತ್ತು ವರ್ಷ ಕೆಲಸ ಮಾಡಿದ್ದೇನೆ. ಆದರೆ ಆ ಹೊತ್ತಿಗೆ ನೆನಪಾದದ್ದು ಮೂವತ್ತು ವರ್ಷವಲ್ಲ, ಜೂನಿನಿಂದ ಸೆಪ್ಟೆಂಬರಿನವರೆಗಿನ ನಾಲ್ಕು ತಿಂಗಳು ಮಾತ್ರ. ಬೆರಳೆತ್ತುವುದು ಮರೆತುಹೋಯಿತು. ಹುಡುಗಿ ಪರೀಕ್ಷೆಯನ್ನು ಮೊದಲಿನಿಂದ ಮಾಡಬೇಕಾಯಿತು.

ತುರ್ತುಪರಿಸ್ಥಿತಿ ಮುಗಿದು ಎರಡು ವರ್ಷವಾಗಿತ್ತು. ನನಗೆ ಇಪ್ಪತ್ತಮೂರು. ಊರು ಪಂಜ. ಪುತ್ತೂರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಕೆಲಸ ಸಿಕ್ಕಿ, ಬೊಳುವಾರಿನ ಚಿಕ್ಕಮ್ಮನ ಮನೆಯಲ್ಲಿ ಉಳಿದುಕೊಂಡಿದ್ದೆ. ಹಗಲು ಪಾಳಿಯಲ್ಲಿ ನಾವಿಬ್ಬರು, ನಾನು ಮತ್ತು ಲೀಲಕ್ಕ. ಲೀಲಕ್ಕನಿಗೆ ಆಗ ನಲವತ್ತೈದು ದಾಟಿರಬೇಕು. ಮದುವೆಯಾಗಿರಲಿಲ್ಲ. ತಾಯಿಯನ್ನು ಸಾಕಿಕೊಂಡು ಬಾಡಿಗೆ ಮನೆಯಲ್ಲಿದ್ದರು. ಹದಿನೆಂಟು ವರ್ಷ ಅದೇ ಕುರ್ಚಿಯಲ್ಲಿ ಕೂತವರು. ಬೋರ್ಡಿನ ಯಾವ ತೂತಿಗೆ ಯಾವ ವಯರು ಚುಚ್ಚಬೇಕು, ಗದರುವ ವರ್ತಕರಿಗೆ ಏನು ಉತ್ತರ ಕೊಡಬೇಕು, ಹೆಡ್‌ಸೆಟ್ಟನ್ನು ಬೇರೆಯವರು ಹಾಕುವ ಮೊದಲು ಸ್ಪಿರಿಟ್ಟಿನಲ್ಲಿ ಹೇಗೆ ಒರೆಸಬೇಕು, ಎಲ್ಲವನ್ನೂ ನನಗೆ ಕಲಿಸಿದ್ದು ಅವರೇ. ಮೊದಲ ದಿನ ಅವರು ಹೇಳಿದ್ದು ಒಂದೇ ನಿಯಮ. ಇಲ್ಲಿ ಕೇಳಿಸಿದ್ದು ಇಲ್ಲಿಯೇ ಇರಬೇಕು, ಚಪ್ಪಲಿ ಹಾಕುವ ಮೊದಲೇ ಮರೆತಿರಬೇಕು.

ಪುತ್ತೂರಿನಲ್ಲಿ ಆಗ ಒಂದು ಚಿತ್ರಸಮಾಜವಿತ್ತು. ತಿಂಗಳಿಗೊಂದು ಆದಿತ್ಯವಾರ ಬೆಳಿಗ್ಗೆ ಟಾಕೀಸನ್ನು ಬಾಡಿಗೆಗೆ ಹಿಡಿದು, ಬಸ್ಸಿನ ಟಾಪಿನಲ್ಲಿ ತಗಡಿನ ಡಬ್ಬಿಗಳಲ್ಲಿ ಬರುತ್ತಿದ್ದ ಹೊರದೇಶದ ಚಿತ್ರಗಳನ್ನು ತೋರಿಸುತ್ತಿದ್ದರು. ನಡೆಸುತ್ತಿದ್ದವರು ಕಾಲೇಜಿನ ಇಂಗ್ಲಿಷ್ ಲೆಕ್ಚರರ್ ಗೋವಿಂದ ಭಟ್ಟರು. ಊರಿಗೆಲ್ಲ ಗೋವಿಂದ ಸರ್. ಆ ಮಳೆಗಾಲಕ್ಕೆ ಅವರು ತರಿಸಿದ್ದು ಅಮೆರಿಕದ ಹಳೆಯ ಕಪ್ಪು ಬಿಳುಪಿನ ಅಪರಾಧ ಚಿತ್ರಗಳು. ಒದ್ದೆ ರಸ್ತೆ, ಟೊಪ್ಪಿಯ ನೆರಳು, ಅರ್ಧ ಮುಖದ ಮೇಲೆ ಕಿಟಕಿಯ ಪಟ್ಟೆ ಬೆಳಕು. ಅವುಗಳಲ್ಲಿ ಪಾತ್ರಗಳು ಮಾತಾಡುವುದು ಅರ್ಧ ಕತೆಯಾದರೆ, ಉಳಿದ ಅರ್ಧವನ್ನು ಒಬ್ಬ ಗಂಡಸು ಕಾಣದ ಜಾಗದಿಂದ ‘ನಾನು, ನಾನು’ ಎಂದು ಹೇಳುತ್ತಾ ಹೋಗುತ್ತಾನೆ. ಅವನ ಉಚ್ಚಾರ ಇಂಗ್ಲಿಷ್ ಬಲ್ಲವರಿಗೂ ಹತ್ತುತ್ತಿರಲಿಲ್ಲ. ಅದರ ಮೇಲೆ ಟಾಕೀಸಿನ ಶೀಟು ಮಾಡಿಗೆ ಬೀಳುವ ಮಳೆ. ಜೂನಿನ ಆಟ ಮುಗಿದಾಗ ಯಾರು ಯಾರನ್ನು ಕೊಂದರು ಎಂಬುದೇ ತಿಳಿಯಲಿಲ್ಲವೆಂದು ಸದಸ್ಯರು ಜಗಳ ತೆಗೆದಿದ್ದರಂತೆ.

ಪಾತ್ರಗಳ ಮಾತು ಹಾಗೆಯೇ ಇರಲಿ, ಆ ಕಾಣದವನ ಮಾತನ್ನು ಮಾತ್ರ ಕನ್ನಡ ಮಾಡಿ ಮೈಕಿನಲ್ಲಿ ಓದುವುದೆಂದು ಗೋವಿಂದ ಸರ್ ಯೋಚಿಸಿದರು. ತಾವೇ ಓದಿ ನೋಡಿದಾಗ ಅದು ಪಾಠದಂತೆ ಕೇಳಿಸಿತು. ಒಂದು ದಿನ ಬೋರ್ಡಿನಲ್ಲಿ ಅವರ ಮನೆಯ ನಂಬರಿನ ದೀಪ ಹತ್ತಿತು. ನಂಬರ್ ಹೇಳಿ ಎಂದೆ. ಅವರು ನಂಬರ್ ಬೇಡ, ನಿಮ್ಮ ಸ್ವರ ಬೇಕು ಎಂದರು. ನಾನು ವಯರು ಕಿತ್ತೆ. ಲೀಲಕ್ಕ ಪುನಃ ಕನೆಕ್ಷನ್ ಕೊಟ್ಟು, ಹೆಡ್‌ಸೆಟ್ಟನ್ನು ತಮ್ಮ ತಲೆಗೆ ಹಾಕಿಕೊಂಡು ಹತ್ತು ನಿಮಿಷ ಅವರನ್ನು ವಿಚಾರಿಸಿದರು. ಆಮೇಲೆ ನನ್ನ ಕಡೆ ತಿರುಗಿ, “ಹೋಗು ಮಾರಾಯ್ತಿ. ಜನ ಮರ್ಯಾದಸ್ಥರು. ಆದಿತ್ಯವಾರ ನಿನಗೆ ಬೇರೆ ಎಂತ ಕೆಲಸ ಉಂಟು?” ಎಂದರು.

ಶನಿವಾರ ಬೆಳಿಗ್ಗೆ ನನಗೆ ಪಾಳಿ ಇರುತ್ತಿರಲಿಲ್ಲ. ಆಗ ಗೋವಿಂದ ಸರ್ ಮನೆಯ ಜಗಲಿಯಲ್ಲಿ ಓದಿನ ಅಭ್ಯಾಸ. ನೋಟ್‌ಬುಕ್ಕಿನ ಎಡಪುಟದಲ್ಲಿ ಪರದೆಯ ಮೇಲೆ ಏನು ಕಾಣುತ್ತದೆ ಎಂದೂ ಬಲಪುಟದಲ್ಲಿ ನಾನು ಏನು ಹೇಳಬೇಕು ಎಂದೂ ಬರೆದಿದ್ದರು. ಅವರ ಹೆಂಡತಿ ಶಾರದಕ್ಕ ಅಲ್ಲಿಯೇ ಮೂಲೆಯಲ್ಲಿ ಮೆಟ್ಟುಕತ್ತಿಯ ಮುಂದೆ ಕೂತು ತರಕಾರಿ ಹೆಚ್ಚುತ್ತಾ ಕೇಳುತ್ತಿದ್ದರು. ಮೊದಲ ಪುಟದಲ್ಲಿ, ನನ್ನ ಅಂತರಂಗವು ಪ್ರಕ್ಷುಬ್ಧವಾಗಿತ್ತು ಎಂದಿತ್ತು. ಹೀಗೆ ಯಾರೂ ಹೇಳುವುದಿಲ್ಲ ಸರ್ ಎಂದೆ. ಮತ್ತೆ ಹೇಗೆ ಹೇಳುತ್ತಾರೆ ಎಂದು ಕೇಳಿದರು. ನಿದ್ದೆ ಬರಲಿಲ್ಲ ಎನ್ನುತ್ತಾರೆ ಎಂದೆ. ಅವರು ಹಳೆಯದನ್ನು ಹೊಡೆದುಹಾಕಿ ಅದನ್ನೇ ಬರೆದರು. ಹಾಗೆ ಪುಟದಿಂದ ಪುಟಕ್ಕೆ ಮಾತು ಚಿಕ್ಕದಾಗುತ್ತಾ ಬಂತು.

ಹೇಗೆ ಓದಬೇಕೆಂದು ಹೇಳಿಕೊಟ್ಟದ್ದು ಅವರು. ಈ ಚಿತ್ರಗಳಲ್ಲಿ ಕತೆ ಹೇಳುವವನಿಗೆ ಕೊನೆ ಮೊದಲೇ ಗೊತ್ತಿರುತ್ತದೆ. ಅವನ ಮಟ್ಟಿಗೆ ಎಲ್ಲ ಮುಗಿದಿದೆ. ಮುಗಿದದ್ದನ್ನು ಹೇಳುವವನು ಅವಸರ ಮಾಡುವುದಿಲ್ಲ, ಅಳುವುದೂ ಇಲ್ಲ. ಪರದೆಯ ಮೇಲೆ ಅವನು ಓಡುತ್ತಿರಬಹುದು, ಬೆವರುತ್ತಿರಬಹುದು. ಆದರೆ ಸ್ವರ ಮಾತ್ರ ಬೇರೆ ಯಾರಿಗೋ ಆದದ್ದನ್ನು ಹೇಳುವಂತಿರಬೇಕು. ಇದು ನನಗೆ ಕಷ್ಟವಾಗಲಿಲ್ಲ. ದಿನಕ್ಕೆ ಎಂಟು ಗಂಟೆ ಹಾಗೆಯೇ ಮಾತಾಡಿ ಅಭ್ಯಾಸವಿತ್ತು.

ಜುಲೈಯ ಆದಿತ್ಯವಾರ ಪರದೆಯ ಪಕ್ಕ, ಬಟ್ಟೆಯ ಮರೆಯಲ್ಲಿ, ಟಾರ್ಚು ಮತ್ತು ನೋಟ್‌ಬುಕ್ಕು ಹಿಡಿದು ಕೂತೆ. ಕಾಣದವನ ಸ್ವರ ಬರುವ ಜಾಗದಲ್ಲಿ ಮೇಲಿನ ಪ್ರೊಜೆಕ್ಟರ್ ಕೋಣೆಯವರು ಚಿತ್ರದ ಶಬ್ದವನ್ನು ಇಳಿಸುತ್ತಿದ್ದರು, ಗೋವಿಂದ ಸರ್ ನನ್ನ ಕುರ್ಚಿಯನ್ನು ಬೆರಳಿನಿಂದ ತಟ್ಟುತ್ತಿದ್ದರು. ‘ನಾನು ಆ ಊರಿಗೆ ಬಂದದ್ದು ಒಬ್ಬ ಹೆಂಗಸನ್ನು ಹುಡುಕಿಕೊಂಡು’ ಎಂದು ಮೊದಲ ಸಾಲು ಓದಿದೆ. ಹಾಲಿನಲ್ಲಿ ನಗೆ ಎದ್ದಿತು. ಅಲ್ಲಿದ್ದ ಎಂಬತ್ತು ಜನರಲ್ಲಿ ಫೋನ್ ಇದ್ದವರೆಲ್ಲರಿಗೂ ನನ್ನ ಸ್ವರ ಗೊತ್ತಿತ್ತು. ಹಿಂದಿನಿಂದ ಯಾರೋ, ಮಂಗಳೂರು ಲೈನ್ ಸಿಕ್ಕಿತಾ ಎಂದು ಕೇಳಿದರು. ನಾನು ನಿಲ್ಲಿಸದೆ ಎರಡನೆಯ ಸಾಲು ಓದಿದೆ. ಐದು ನಿಮಿಷದಲ್ಲಿ ಮಳೆಯದ್ದು ಬಿಟ್ಟು ಬೇರೆ ಸದ್ದಿರಲಿಲ್ಲ.

ಆಟ ಮುಗಿದ ಮೇಲೆ ಒಬ್ಬ ವಕೀಲರು ಬಂದು, ಅರ್ಧದ ನಂತರ ಅದು ಹೆಂಗಸಿನ ಸ್ವರವೆಂಬುದೇ ಮರೆತುಹೋಯಿತು ಎಂದರು. ಗೋವಿಂದ ಸರ್ ಅದಕ್ಕೆ ಕಾರಣ ವಿವರಿಸಿದರು. ಕನ್ನಡದಲ್ಲಿ ಹೋದ ಎಂದರೆ ಗಂಡು, ಹೋದಳು ಎಂದರೆ ಹೆಣ್ಣು. ಆದರೆ ನಾನು ಹೋದೆ, ನಾನು ನೋಡಿದೆ, ನಾನು ಕೊಂದೆ ಎಂದಾಗ ಹೇಳುವವರು ಯಾರೆಂದು ಕ್ರಿಯಾಪದ ಬಿಟ್ಟುಕೊಡುವುದಿಲ್ಲ. ಹಿಂದಿಯಲ್ಲಾಗಿದ್ದರೆ ಹೋದೆ ಎಂದ ಕೂಡಲೇ ಸಿಕ್ಕಿಬೀಳುತ್ತಿದ್ದೆವು ಎಂದು ನಕ್ಕರು. ನನಗೆ ಅಂದು ಬಹಳ ಖುಷಿಯಾಗಿತ್ತು. ಮುಖ ಕಾಣದೆ ಮೆಚ್ಚಿಕೆ ಪಡೆಯುವುದರಲ್ಲಿ ಒಂದು ಹಿತವಿದೆ.

ಆ ತಿಂಗಳ ಕೊನೆಯಲ್ಲಿ ಒಂದು ಮಧ್ಯಾಹ್ನ, ಪುತ್ತೂರು ತಾಲೂಕಿನ ಸವಣೂರಿನ ಕೃಷ್ಣ ಭಟ್ಟರೆಂಬವರು ಎಕ್ಸ್‌ಚೇಂಜಿಗೆ ಬಂದು ಮಂಗಳೂರಿನ ಒಬ್ಬ ಡಾಕ್ಟರಿಗೆ ಟ್ರಂಕ್ ಕಾಲ್ ಬುಕ್ ಮಾಡಿದರು. ಸವಣೂರಿನ ಅಂಚೆ ಕಚೇರಿಯಿಂದಲೂ ಮಾಡಬಹುದಿತ್ತು. ಊರವರ ಕಿವಿ ಬೇಡವೆಂದು ಅಷ್ಟು ದೂರ ಬಂದದ್ದೆಂದು ಆಮೇಲೆ ತಿಳಿಯಿತು. ಕಾಲಿನ ವಿವರ ದಾಖಲಿಸುವ ಟಿಕೆಟು ಬರೆದು ಸಹಿ ಹಾಕಿದವರು ಲೀಲಕ್ಕ. ಮಳೆಗೆ ಲೈನುಗಳು ಕೆಟ್ಟಿದ್ದವು. ಮುಕ್ಕಾಲು ಗಂಟೆಯ ನಂತರ ಮಂಗಳೂರು ಸಿಕ್ಕಾಗ ಲೀಲಕ್ಕ ಊಟಕ್ಕೆ ಹೋಗಿದ್ದರು. ಕಾಲ್ ಕೊಟ್ಟದ್ದು ನಾನು. ನನ್ನ ಸಹಿಯನ್ನೂ ಹಾಕಬೇಕಿತ್ತು. ಆ ಗಡಿಬಿಡಿಯಲ್ಲಿ ಹಾಕಲಿಲ್ಲ.

ಬೂತಿನಲ್ಲಿದ್ದ ಭಟ್ಟರಿಗೆ ಮಂಗಳೂರು ಕೇಳಿಸುತ್ತಿರಲಿಲ್ಲ, ಮಂಗಳೂರಿಗೆ ಭಟ್ಟರು ಕೇಳಿಸುತ್ತಿರಲಿಲ್ಲ. ನಡುವಿನ ನನಗೆ ಇಬ್ಬರೂ ಕೇಳಿಸುತ್ತಿದ್ದರು. ಹಾಗಾದಾಗ ಆಪರೇಟರೇ ಇಬ್ಬರ ಮಾತನ್ನೂ ದಾಟಿಸಬೇಕು. ಅವರು ಹೀಗೆ ಹೇಳಿದರು, ಇವರು ಹೀಗೆ ಹೇಳಿದರು ಎಂದು ಸುತ್ತಿದರೆ ಒಂದು ಕಾಲಿಗೆ ಸಿಗುವ ಮೂರು ನಿಮಿಷ ಸಾಲುವುದಿಲ್ಲವಾದ್ದರಿಂದ ಹೇಳಿದ್ದನ್ನು ಹೇಳಿದಂತೆಯೇ ದಾಟಿಸುವುದು ರೂಢಿ. ಭಟ್ಟರ ಬದಲು ನಾನು ಹೇಳಿದೆ: ನನ್ನ ಮಗಳಿಗೆ ಹನ್ನೆರಡು ವರ್ಷದಿಂದಲೂ ಫಿಟ್ಸ್ ಉಂಟಲ್ಲ, ಅವಳಿಗೆ ನವೆಂಬರಿನಲ್ಲಿ ಮದುವೆ. ಮಾತ್ರೆ ಕಂಡರೆ ಹುಡುಗನ ಮನೆಯವರು ಕೇಳುತ್ತಾರೆ. ಈಗಲೇ ನಿಲ್ಲಿಸಬಹುದಾ? ಡಾಕ್ಟರ ಬದಲು ಹೇಳಿದೆ: ನಿಲ್ಲಿಸಬಾರದು. ನಿಲ್ಲಿಸಿದರೆ ಪುನಃ ಬರುತ್ತದೆ, ಜೋರಾಗಿ ಬರುತ್ತದೆ. ಮಾತ್ರೆ ತೆಗೆದುಕೊಂಡೇ ಮದುವೆಯಾಗಬಹುದು. ಹುಡುಗನ ಕಡೆಯವರಿಗೆ ಮೊದಲೇ ತಿಳಿಸಿಬಿಡಿ. ಅಲ್ಲಿಗೆ ಲೈನ್ ಹೋಯಿತು. ಭಟ್ಟರು ಹಣ ಕೊಟ್ಟು ಕೊಡೆ ಬಿಡಿಸಿಕೊಂಡು ಹೋದರು. ಅಂದು ಇನ್ನೂ ಹತ್ತಾರು ಕಾಲುಗಳಿದ್ದವು.

ಮುಂದಿನ ಶನಿವಾರ ಆಗಸ್ಟಿನ ಚಿತ್ರಕ್ಕೆ ಅಭ್ಯಾಸ ಶುರುವಾಯಿತು. ಬೇರೆಯವರ ಬಾಯಿಯಾಗಿ ‘ನಾನು’ ಎಂದು ಹೇಳುವಾಗ ಒಂದು ಚೂರೂ ತಡವರಿಸುವುದಿಲ್ಲವಲ್ಲ, ಅದು ಹೇಗೆ ಎಂದು ಗೋವಿಂದ ಸರ್ ಕೇಳಿದರು. ಹೊಗಳಿಕೆಗೆ ನಾನು ಉಬ್ಬಿದ್ದೆ. ನಮಗೆ ಅದು ದಿನಾ ಇದ್ದದ್ದೇ ಸರ್ ಎಂದೆ. ಮೊನ್ನೆ ಒಬ್ಬರು ಡಾಕ್ಟರಿಗೆ ಮಾಡಿದ ಕಾಲಿನಲ್ಲಿ, ನನ್ನ ಮಗಳಿಗೆ ಫಿಟ್ಸ್ ಉಂಟು, ಮದುವೆಗೆ ಮೊದಲು ಮಾತ್ರೆ ನಿಲ್ಲಿಸಬಹುದಾ ಎಂದು ನಾನೇ ಕೇಳಿದೆ, ಮದುವೆಯೇ ಆಗದ ನಾನು ಎಂದು ನಕ್ಕೆ. ಡಾಕ್ಟರು ಕೊಟ್ಟ ಉತ್ತರವನ್ನು ಹೇಳಲಿಲ್ಲ. ಉದಾಹರಣೆಗೆ ಅದು ಬೇಕಾಗಿರಲಿಲ್ಲ.

ಮೆಟ್ಟುಕತ್ತಿಯ ಮುಂದಿದ್ದ ಶಾರದಕ್ಕ ತಲೆ ಎತ್ತದೆಯೇ, “ಪಾಪ. ಯಾವ ಕಡೆಯವರೋ?” ಎಂದರು.

“ಸವಣೂರು ಕಡೆ.”

ಅವರ ಕೈ ನಿಂತಿತು. ಮತ್ತೆ ಹೆಚ್ಚತೊಡಗಿದರು. ನಾನು ನೋಟ್‌ಬುಕ್ಕಿಗೆ ಮರಳಿದೆ.

ಶಾರದಕ್ಕನ ಅಣ್ಣನ ಮಗನಿಗೆ ಸವಣೂರಿನ ಹುಡುಗಿಯ ಜೊತೆ ಮದುವೆ ಗೊತ್ತಾಗಿತ್ತೆಂದು ನನಗೆ ಹೇಗೆ ತಿಳಿಯಬೇಕು? ಹತ್ತು ದಿನದಲ್ಲಿ ಆ ಸಂಬಂಧ ಮುರಿಯಿತು. ಹುಡುಗನ ಕಡೆಯವರು ಬಂದು, ಮದುವೆಗೆ ಮೊದಲು ಮಾತ್ರೆ ನಿಲ್ಲಿಸಿ ಮೋಸ ಮಾಡಲು ಹೊರಟಿದ್ದಿರಾ ಎಂದು ಕೃಷ್ಣ ಭಟ್ಟರನ್ನು ಅವರ ಮನೆಯ ಅಂಗಳದಲ್ಲಿಯೇ ಕೇಳಿದರು. ಆ ಮಾತನ್ನು ಭಟ್ಟರು ಆಡಿದ್ದು ಫೋನಿನಲ್ಲಿ ಮಾತ್ರ. ಹಾಗಾಗಿ ಅದು ಎಲ್ಲಿಂದ ಹೊರಟಿತೆಂದು ಅವರಿಗೆ ಸಂಶಯ ಉಳಿಯಲಿಲ್ಲ. ಅವರು ಮೇಲಿನವರಿಗೆ ದೂರು ಬರೆದರು.

ಮಂಗಳೂರಿನಿಂದ ಅಧಿಕಾರಿಯೊಬ್ಬರು ಬಂದರು. ಟಿಕೆಟಿನಲ್ಲಿ ಲೀಲಕ್ಕನ ಸಹಿ ಮಾತ್ರ ಇತ್ತು. ಆ ಕಾಲ್ ಕೊಟ್ಟ ನೆನಪು ಲೀಲಕ್ಕನಿಗೆ ಇರಲಿಲ್ಲ. ಇರುವುದು ಸಾಧ್ಯವೂ ಇರಲಿಲ್ಲ. ನಾನು ಯಾರಿಗೂ ಹೇಳಿಲ್ಲ ಎಂದರು. ಆಮೇಲೆ ಸ್ವಲ್ಪ ಯೋಚಿಸಿ, ಸಹಿ ನನ್ನದು, ಹಾಗಾದರೆ ಕಾಲ್ ನನ್ನದೇ ಎಂದರು. ಅಧಿಕಾರಿ ನನ್ನಿಂದಲೂ ಹೇಳಿಕೆ ಬರೆಸಿಕೊಂಡರು. ಕಾಗದದ ಮುಂದೆ ಕೂತೆ. ‘ಆ ದಿನ ನಾನು ಸ್ಥಳೀಯ ಕಾಲುಗಳ ಬೋರ್ಡಿನಲ್ಲಿದ್ದೆ. ಸದರಿ ಕಾಲ್ ಬಗ್ಗೆ ನನಗೆ ತಿಳಿದಿಲ್ಲ’ ಎಂದು ಬರೆದೆ. ಇನ್ನೂ ನಾಲ್ಕು ಸಾಲು ಇದ್ದವು. ಸ್ವರ ಏರದ, ಅವಸರವಿಲ್ಲದ ಸಾಲುಗಳು. ಅಧಿಕಾರಿ ಓದಿ, ಬಹಳ ಸ್ಪಷ್ಟವಾಗಿದೆ ಎಂದರು. ವಿಚಾರಣೆ ಮುಗಿಯುವವರೆಗೆ ಕೆಲಸಕ್ಕೆ ಬರಬೇಡಿ ಎಂದು ಲೀಲಕ್ಕನಿಗೆ ಹೇಳಿದರು. ಲೀಲಕ್ಕ ಎದ್ದು ತಮ್ಮ ಹೆಡ್‌ಸೆಟ್ಟನ್ನು ಒರೆಸಿ ಮೊಳೆಗೆ ತಗುಲಿಸಿ, ನನ್ನ ಕಡೆ ನೋಡಿ, ಒಬ್ಬಳಿಗೆ ಕಷ್ಟ ಆದೀತು, ನೀರು ಕುಡಿಯಲು ಮರೆಯಬೇಡ ಎಂದು ಹೇಳಿ ಹೋದರು.

ಅದೇ ಸಂಜೆ ಗೋವಿಂದ ಸರ್ ಮನೆಗೆ ಹೋದೆ. ಸರ್ ಮುಖ ಬಾಡಿತ್ತು. ನೀನು ಹೆಸರು ಹೇಳಿರಲಿಲ್ಲವಲ್ಲ ಎಂದರು. ನಾನು ಹೇಳಿರಲಿಲ್ಲ, ನೀವೂ ಹೇಳಿರಲಿಲ್ಲ ಸರ್ ಎಂದೆ. ಶಾರದಕ್ಕ ಒಳಗಿನಿಂದ ಬಂದರು. ಅವರಿಗೆ ಅಳುಕಿರಲಿಲ್ಲ. “ನಮ್ಮ ಹುಡುಗನ ವಿಷಯ ಅಲ್ವಾ? ಗೊತ್ತಾದ ಮೇಲೆ ಹೇಳದೆ ಇರುದು ಹೇಗೆ? ನೀನಾದ್ರೂ ಹೇಳ್ತಿದ್ದೆ” ಎಂದರು. ಡಾಕ್ಟರು ಹೇಳಿದ ಉಳಿದರ್ಧವನ್ನು ಆಗಲಾದರೂ ಹೇಳಬಹುದಿತ್ತು. ಹೇಳಿದರೆ ಕಾಲ್ ಕೊಟ್ಟವಳು ನಾನೆಂಬುದು ಆ ಮನೆಯ ಬಾಯಲ್ಲಿ ಇನ್ನೂ ಗಟ್ಟಿಯಾಗುತ್ತದೆಂಬ ಹೆದರಿಕೆ. ಚಪ್ಪಲಿ ಹಾಕಿಕೊಂಡು ಬಂದುಬಿಟ್ಟೆ.

ಎರಡು ವಾರ ಒಬ್ಬಳೇ ಬೋರ್ಡು ನೋಡಿಕೊಂಡೆ. ನಡುವಿನ ಶನಿವಾರಗಳಲ್ಲಿ ಅಭ್ಯಾಸಕ್ಕೂ ಹೋದೆ. ಈಗ ಯೋಚಿಸಿದರೆ ಅದು ನನಗೇ ವಿಚಿತ್ರವಾಗಿ ಕಾಣುತ್ತದೆ. ಆಗ ಹಾಗೆ ಕಾಣಲಿಲ್ಲ. ಒಪ್ಪಿಕೊಂಡ ಕೆಲಸ, ಮುಗಿಸಬೇಕು ಎಂದಷ್ಟೇ ಅನಿಸಿತ್ತು.

ಆಗಸ್ಟಿನ ಚಿತ್ರದ ಹೆಸರು ನೆನಪಿಲ್ಲ. ಕತೆ ನೆನಪಿದೆ. ಒಬ್ಬ ಲಾರಿ ಡ್ರೈವರು ಮಂಜಿನಲ್ಲಿ ಒಬ್ಬನ ಮೇಲೆ ಲಾರಿ ಹಾಯಿಸಿ ನಿಲ್ಲಿಸದೆ ಹೋಗುತ್ತಾನೆ. ಕೆಲವು ದಿನಗಳ ನಂತರ ಅದೇ ಊರಿಗೆ ಬಂದು, ಸತ್ತವನ ಹೆಂಡತಿಯ ಮನೆಯಲ್ಲಿಯೇ ಬಾಡಿಗೆಗೆ ಕೋಣೆ ಹಿಡಿಯುತ್ತಾನೆ. ಅವಳ ಮಾಡು ರಿಪೇರಿ ಮಾಡುತ್ತಾನೆ, ಸೌದೆ ಒಡೆಯುತ್ತಾನೆ. ಸ್ವರ ಮೊದಲಿಗೆ ಹೇಳುವುದು, ‘ಆ ಸಾವಿನ ವಿಷಯ ನಾನು ಪೇಪರಿನಲ್ಲಿ ಓದಿದೆ’ ಎಂದು. ಅದೇ ಹೊತ್ತಿಗೆ ಪರದೆಯ ಮೇಲೆ ಅವನು ಲಾರಿಯ ಒಡೆದ ದೀಪದ ಗಾಜನ್ನು ಹೊಳೆಗೆ ಎಸೆಯುತ್ತಿರುತ್ತಾನೆ. ಕಣ್ಣಿಗೆ ಕಾಣುವುದು ಒಂದು, ಕಿವಿಗೆ ಬೀಳುವುದು ಇನ್ನೊಂದು. ಜನ ಯಾವುದನ್ನು ನಂಬುತ್ತಾರೆ ಎಂದು ಅಭ್ಯಾಸದಲ್ಲಿ ಕೇಳಿದ್ದೆ. ಬಹಳ ಹೊತ್ತು ಸ್ವರವನ್ನೇ ನಂಬುತ್ತಾರೆ, ಯಾಕೆಂದರೆ ಅದು ಹತ್ತಿರದಿಂದ ಬರುತ್ತದೆ ಎಂದಿದ್ದರು ಗೋವಿಂದ ಸರ್. ಕೊನೆಯಲ್ಲಿ ಅವನು ಎಲ್ಲವನ್ನೂ ಒಪ್ಪಿಕೊಳ್ಳುತ್ತಾನೆ, ನಮ್ಮ ಹತ್ತಿರ. ಅವಳಿಗೆ ಏನೂ ಹೇಳದೆ ರೈಲು ಹತ್ತುತ್ತಾನೆ.

ಆ ಆದಿತ್ಯವಾರ ಲೀಲಕ್ಕ ಬಂದಿದ್ದರು. ಮನೆಯಲ್ಲಿ ಕೂತು ಬೇಸರ ಬಂತು, ನಿನ್ನ ಸ್ವರ ಕೇಳುವ ಎಂದು ಬಂದೆ ಎಂದರು. ಅವರನ್ನು ನೋಡಿದ ಮೇಲೆ ಬಟ್ಟೆಯ ಮರೆಗೆ ಹೋದೆ. ಓದುವಾಗ ಎಲ್ಲಿಯೂ ತಪ್ಪಲಿಲ್ಲ. ‘ಇಷ್ಟು ದಿನ ನಾನು ಹೇಳಿದ್ದು ಸುಳ್ಳು’ ಎಂಬ ಸಾಲು ಬಂದಾಗಲೂ ಸ್ವರ ಒಡೆಯಲಿಲ್ಲ. ಸ್ವರ ಒಡೆಯದೆ ಇದ್ದದ್ದಕ್ಕೇ ನನಗೆ ಭಯವಾಯಿತು.

ಆಟದ ನಂತರ ಅರ್ಧ ಗಂಟೆ ಚರ್ಚೆಯ ಪದ್ಧತಿ. ಲೆಕ್ಚರರುಗಳು ನೆರಳು, ಬೆಳಕು, ಅಪರಾಧ ಪ್ರಜ್ಞೆ ಎಂದೆಲ್ಲ ಮಾತಾಡಿದರು. ಅವನು ಎಷ್ಟು ಪ್ರಾಮಾಣಿಕವಾಗಿ ಒಪ್ಪಿಕೊಂಡ ನೋಡಿ ಎಂದು ವಕೀಲರು ಮೆಚ್ಚಿದರು. ಹೆಂಗಸರ ಸಾಲಿನಿಂದ ಲೀಲಕ್ಕ ಎದ್ದು ನಿಂತರು. ಅಂಥ ಸಭೆಯಲ್ಲಿ ಅವರು ಮಾತಾಡಿದ್ದು ಅದೇ ಮೊದಲು ಇರಬೇಕು.

“ನನಗೆ ಒಂದು ಗೊತ್ತಾಗಲಿಲ್ಲ. ಅವನು ನಮ್ಮ ಹತ್ರ ಇಷ್ಟು ಚೆಂದ ಹೇಳ್ತಾನೆ. ನಮಗೆ ಹೇಳಿ ಎಂತ ಪ್ರಯೋಜನ? ಅವಳು ಅಲ್ಲೇ ಅಡಿಗೆಮನೆಯಲ್ಲಿ ಇದ್ದಾಳಲ್ಲ. ಅವಳ ಹತ್ರ ಹೋಗಿ ಹೇಳ್ಲಿಕ್ಕೆ ಅವನಿಗೆ ಎಷ್ಟು ಹೆಜ್ಜೆ ಬೇಕಿತ್ತು?”

ಯಾರೋ ನಕ್ಕರು. ಗೋವಿಂದ ಸರ್ ನಗಲಿಲ್ಲ. ಅದು ಈ ಚಿತ್ರಗಳ ವಿಧಾನ ಎಂದು ಏನೋ ಹೇಳಲು ಹೋಗಿ ನಿಲ್ಲಿಸಿದರು. ಲೀಲಕ್ಕ ನನ್ನನ್ನು ಉದ್ದೇಶಿಸಿ ಅದನ್ನು ಹೇಳಲಿಲ್ಲ. ಅವರಿಗೆ ಏನೂ ಗೊತ್ತಿರಲಿಲ್ಲ. ಅವರು ಕೇಳಿದ್ದು ಆ ಲಾರಿಯವನನ್ನು ಮಾತ್ರ.

ಟಾಕೀಸಿನಿಂದ ಅವರ ಮನೆಗೆ ಕಾಲು ಗಂಟೆಯ ದಾರಿ. ಒಂದೇ ಕೊಡೆಯಲ್ಲಿ ಅವರ ಜೊತೆ ನಡೆದೆ. ಬಾಗಿಲ ಹತ್ತಿರ, ಅವರು ಕೊಡೆ ಮಡಚುವಾಗ ಹೇಳಿದೆ. ಕಾಲ್ ಕೊಟ್ಟದ್ದು ನಾನು, ಮಾತು ಹೊರಗೆ ಹೋದದ್ದು ನನ್ನ ಬಾಯಿಯಿಂದ, ಹೇಳಿಕೆಯಲ್ಲಿ ಬರೆದದ್ದು ಸುಳ್ಳು. ಅಭ್ಯಾಸ ಮಾಡಿದ ಸ್ವರ ಆಗ ಬರಲಿಲ್ಲ. ಮೂರು ವಾಕ್ಯಕ್ಕೆ ಬಹಳ ಹೊತ್ತು ಬೇಕಾಯಿತು.

ಲೀಲಕ್ಕ ಕೊಡೆಯ ನೀರನ್ನು ಪೂರ್ತಿ ಕೊಡವಿದರು. “ನಾಳೆ ಬರೆದು ಕೊಡು” ಎಂದರು. ಒಳಗೆ ಹೋಗಿ, ಮತ್ತೆ ಬಾಗಿಲಿಗೆ ಬಂದು, “ಹೇಳಿದ್ದು ಒಳ್ಳೆದಾಯ್ತು. ಇನ್ನು ನನ್ನ ಪಕ್ಕ ಕೂರಬೇಡ” ಎಂದರು.

ಸೋಮವಾರ ಎರಡನೆಯ ಹೇಳಿಕೆ ಬರೆದೆ. ಅದರಲ್ಲಿ ಹೊಡೆದುಹಾಕಿದ ಸಾಲುಗಳೇ ಹೆಚ್ಚು. ಲೀಲಕ್ಕನನ್ನು ವಾಪಸು ಕರೆದರು. ನನ್ನನ್ನು ಅಮಾನತ್ತಿನಲ್ಲಿಟ್ಟರು. ಕೆಲಸ ಹೋಗುತ್ತದೆಂದೇ ತಿಳಿದಿದ್ದೆ. ಎರಡು ವೇತನ ಬಡ್ತಿ ತಡೆದು ಸುಳ್ಯಕ್ಕೆ ವರ್ಗ ಮಾಡುವುದರಲ್ಲಿ ಆಮೇಲೆ ಅದು ಮುಗಿಯಿತು. ಗೋವಿಂದ ಸರ್ ಮುಂದಿನ ಚಿತ್ರಗಳನ್ನು ತರಿಸಲಿಲ್ಲ. ಕಾರಣ ಕೇಳಿದವರಿಗೆ ಮಳೆ ಎಂದು ಹೇಳುತ್ತಿದ್ದರಂತೆ.

ಉಳಿದದ್ದು ಸವಣೂರು. ಅಲ್ಲಿಗೆ ಹೋಗೆಂದು ನನಗೆ ಯಾರೂ ಹೇಳಿರಲಿಲ್ಲ. ಸೆಪ್ಟೆಂಬರಿನ ಮೊದಲ ವಾರ, ಬೆಳಗಿನ ಬಸ್ಸಿಗೆ ಹೋಗಿ ಮನೆ ವಿಚಾರಿಸಿದೆ. ಕೃಷ್ಣ ಭಟ್ಟರು ಇರಲಿಲ್ಲ. ಬೆಳ್ಳಾರೆಗೆ ಹೋಗಿದ್ದರು. ಜಗಲಿಯಲ್ಲಿ ಒಬ್ಬ ಹುಡುಗಿ ಹೊಲಿಗೆ ಮೆಷಿನಿನ ಮುಂದೆ ಕೂತಿದ್ದಳು. ಇಪ್ಪತ್ತು ವರ್ಷ ಇರಬಹುದು. ಹಣೆಯ ಬಲಬದಿಯಲ್ಲಿ ಇನ್ನೂ ಒಣಗದ ಗಾಯವಿತ್ತು. ಅವಳೇ ಸುಮತಿ.

ನಾನು ಯಾರು, ಏನು ಮಾಡಿದೆ ಎಂದು ಹೇಳಿದೆ. ಬೈಯುತ್ತಾಳೆ, ತಾಯಿಯನ್ನು ಕರೆಯುತ್ತಾಳೆ ಎಂದು ಕಾದೆ. ಅವಳು ಮೆಷಿನಿನ ಮೇಲಿದ್ದ ಬಟ್ಟೆಯನ್ನು ಎರಡು ಸಲ ಮಡಚಿ ಬಿಚ್ಚಿದಳು.

“ಅಪ್ಪ ಎಂತ ಹೇಳಿದ್ದು? ಡಾಕ್ಟ್ರು ಎಂತ ಹೇಳಿದ್ದು? ಎಲ್ಲರಿಗೂ ಗೊತ್ತುಂಟು. ನನ್ನ ಹತ್ರ ಯಾರೂ ಹೇಳಲಿಲ್ಲ.”

ಅದನ್ನು ಹೇಳುವುದು ನಿಯಮಕ್ಕೆ ವಿರುದ್ಧ. ಒಂದು ಸಲ ಮುರಿದು ಶಿಕ್ಷೆ ಕಾಯುತ್ತಿದ್ದವಳು ನಾನು. ಆದರೂ ಕೇಳುತ್ತಿದ್ದದ್ದು ಅವಳು, ಕೇಳಿದ್ದು ಅವಳದೇ ಸುದ್ದಿ. ಹೇಳಿದೆ. ಮೊದಲು ಭಟ್ಟರ ಮಾತು, ಮತ್ತೆ ಡಾಕ್ಟರ ಮಾತು, ಅಂದು ದಾಟಿಸಿದಂತೆಯೇ, ಒಂದು ಪದವೂ ಬಿಡದೆ.

“ನಿಲ್ಲಿಸಬಾರದು ಅಂತ ಹೇಳಿದ್ರಾ?”

“ಹೌದು.”

“ಅಪ್ಪ ಹೇಳಿದ್ದು, ಡಾಕ್ಟ್ರು ನಿಲ್ಲಿಸ್ಲಿಕ್ಕೆ ಹೇಳಿದ್ದಾರೆ, ನಿನಗೆ ಗುಣ ಆಗಿದೆ ಅಂತ.” ಅವಳು ಹಣೆಯ ಗಾಯವನ್ನು ಮುಟ್ಟಿಕೊಂಡಳು. “ನಾಲ್ಕು ವರ್ಷ ಬಂದಿರಲಿಲ್ಲ. ಈಗ ಒಂದು ತಿಂಗಳಲ್ಲಿ ಮೂರು ಸಲ ಬಿದ್ದೆ. ಮದುವೆ ಮುರಿದ ಬೇಸರಕ್ಕೆ ಬಂದದ್ದು ಅಂತ ಹೇಳ್ತಾರೆ ಇಲ್ಲಿ. ಬಾವಿ ಹತ್ರ ಹೋಗ್ಲಿಕ್ಕಿಲ್ಲ, ಒಲೆ ಹತ್ರ ಕೂರ್ಲಿಕ್ಕಿಲ್ಲ.”

ಒಳಗಿನ ಬಾಗಿಲಲ್ಲಿ ಅವಳ ತಾಯಿ ನಿಂತಿದ್ದರು. ಎಷ್ಟು ಹೊತ್ತಿನಿಂದ ಎಂದು ಗೊತ್ತಿಲ್ಲ. ನಾನು ಎದ್ದು ನಿಂತೆ. ಅವರು ನನ್ನನ್ನು ನೋಡಲಿಲ್ಲ. ಪುತ್ತೂರಿಗೆ ಹೋಗಿ ಡಾಕ್ಟರ ಹತ್ತಿರ ಫೋನಿನಲ್ಲಿ ನಾನೇ ಮಾತಾಡುತ್ತೇನೆ ಎಂದು ಸುಮತಿ ಅವರಿಗೆ ಹೇಳಿದಳು. ತಾಯಿ ಒಳಗೆ ಹೋದರು. ಬೇಡ ಎನ್ನಲಿಕ್ಕೆ ಯಾರನ್ನೋ ಕರೆಯುತ್ತಾರೆ ಎಂದುಕೊಂಡೆ. ಸ್ವಲ್ಪ ಹೊತ್ತಿಗೆ ಒಂದು ಕೊಡೆಯನ್ನೂ ಮಡಚಿದ ಹಳೆಯ ಔಷಧಿ ಚೀಟಿಯನ್ನೂ ತಂದು ಮಗಳ ಕೈಗೆ ಕೊಟ್ಟರು. ದಾರಿಯಲ್ಲಿ ಫಿಟ್ಸ್ ಬಂದರೆ ಹಿಡಿದುಕೊಳ್ಳಲು ಇವಳು ಜೊತೆಗೆ ಇರಲಿ ಎಂದರು. ನನ್ನ ವಿಷಯದಲ್ಲಿ ಅವರು ಹೇಳಿದ್ದು ಅಷ್ಟೇ. ಅದೂ ನನ್ನ ಹತ್ತಿರ ಅಲ್ಲ.

ಬಸ್ಸಿನ ತಿರುವುಗಳಲ್ಲಿ ನಾನು ಅವಳ ತೋಳಿನ ಹತ್ತಿರ ಕೈ ಇಟ್ಟುಕೊಂಡಿದ್ದೆ. ಏನೂ ಆಗಲಿಲ್ಲ. ಎಕ್ಸ್‌ಚೇಂಜಿನ ಕಿಟಕಿಯಲ್ಲಿ ಲೀಲಕ್ಕ ಇದ್ದರು. ನನ್ನನ್ನು ನೋಡಿದರು, ಅವಳನ್ನು ನೋಡಿದರು. ಹೆಸರು, ಊರು ಕೇಳಿದರು. ಸವಣೂರು ಎಂದಾಗ ಪೆನ್ನು ಒಂದು ಗಳಿಗೆ ನಿಂತಿತು. ಮತ್ತೆ ಟಿಕೆಟು ಬರೆದು ಸಹಿ ಹಾಕಿ, ಕೂತಿರಿ, ಲೈನ್ ಸಿಕ್ಕ ಕೂಡಲೇ ಕೊಡುತ್ತೇನೆ ಎಂದರು. ಅಮಾನತ್ತಿನಲ್ಲಿದ್ದ ನನಗೆ ಒಳಗೆ ಪ್ರವೇಶವಿರಲಿಲ್ಲ. ಹೊರಗೆ, ಸಾರ್ವಜನಿಕರು ಕೂರುವ ಬೆಂಚಿನಲ್ಲಿ ಕೂತೆ.

ಲೈನ್ ಬೇಗ ಸಿಕ್ಕಿತು. ಲೀಲಕ್ಕ ಕಿಟಕಿಯಿಂದ ಅವಳ ಹೆಸರು ಕೂಗಿದರು. ಸುಮತಿ ಬೂತಿನೊಳಗೆ ಹೋಗಿ ಬಾಗಿಲು ಎಳೆದುಕೊಂಡಳು. ಬಾಗಿಲಿನ ಗಾಜಿನಲ್ಲಿ ಅವಳ ಮುಖ ಕಾಣುತ್ತಿತ್ತು. ತುಟಿ ಅಲುಗಿತು, ನಿಂತಿತು. ಚೀಟಿಯನ್ನು ಬಿಡಿಸಿ ಅದರಿಂದ ಏನೋ ಓದಿದಳು. ಒಂದು ಸಲ ಕಣ್ಣೊರೆಸಿಕೊಂಡಳು. ಒಂದು ಸಲ ತಲೆ ಅಲ್ಲಾಡಿಸಿದಳು, ಬೇಡ ಎಂದೋ ಇಲ್ಲ ಎಂದೋ. ಮೂರು ನಿಮಿಷ ಮುಗಿದರೂ ಲೀಲಕ್ಕ ನಡುವೆ ಬರಲಿಲ್ಲ. ಹೊರಗೆ ಮಳೆ ಹಿಡಿದಿತ್ತು. ನನಗೆ ಒಂದಕ್ಷರವೂ ಕೇಳಿಸಲಿಲ್ಲ.

ಅವಳು ಹೊರಗೆ ಬಂದು ಹಣ ಕೊಟ್ಟಳು. ಸವಣೂರಿನ ಬಸ್ಸು ಎಷ್ಟು ಗಂಟೆಗೆ ಎಂದು ಕೇಳಿದಳು. ಡಾಕ್ಟರು ಏನು ಹೇಳಿದರೆಂದು ಅವಳು ಹೇಳಲಿಲ್ಲ. ನಾನು ಕೇಳಲಿಲ್ಲ.